ಬಾಗಿಲು ಕಾಯುವವನಿಗೂ ಒಂದು ಪರೀಕ್ಷೆ

ಕಳೆದ ವರ್ಷ ಪ್ರವೇಶದ ದಿನಗಳಲ್ಲಿ ನಡೆದ ಒಂದು ಚಿಕ್ಕ ಸಂಗತಿಯಿಂದ ಈ ಬರಹವನ್ನು ಆರಂಭಿಸುತ್ತೇನೆ. ಸಲಗರ ಬುದ್ರುಕದಿಂದ ನಮ್ಮ ವಿಭಾಗಕ್ಕೆ ಬರುವ ವಿದ್ಯಾರ್ಥಿನಿಯೊಬ್ಬಳು ಅಂತರಜಾಲದ ಮೂಲಕ ಒಂದು ಅರ್ಜಿಯನ್ನು ತುಂಬಬೇಕಾಗಿತ್ತು. ಅಂದು ಅದರ ಕೊನೆಯ ದಿನ. ಬೆಳಿಗ್ಗೆ ಹತ್ತಕ್ಕೆ ಊರಿನ ಕಂಪ್ಯೂಟರ್ ಕೇಂದ್ರಕ್ಕೆ ಹೋದವಳು ಮಧ್ಯಾಹ್ನ ಮೂರರವರೆಗೆ ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕುಳಿತಳು. ನಡುನಡುವೆ ಚಕ್ರ ನಿಂತು, 503 ಎಂಬ ಅಂಕಿಯೊಡನೆ ಎರಡು ಇಂಗ್ಲಿಷ್ ಶಬ್ದಗಳು ಕಾಣಿಸಿಕೊಳ್ಳುತ್ತಿದ್ದವು. ಮರುದಿನ ವಿಭಾಗಕ್ಕೆ ಬಂದವಳು ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಆ ಪರದೆಯ ಚಿತ್ರವನ್ನು ನನ್ನ ಮುಂದೆ ಹಿಡಿದು, “ಸರ, ನಾ ಏನರ ತಪ್ಪ ಒತ್ತೀನೇನ್ರಿ?” ಎಂದು ಕೇಳಿದಳು.

ಅರ್ಜಿಯ ಅವಧಿಯನ್ನು ಎರಡು ದಿನ ಮುಂದೂಡಿದ್ದರಿಂದ ಅವಳ ಕೆಲಸವೇನೋ ಆಯಿತು. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿಯಿತು. ಅವಳು ಏನನ್ನೂ ತಪ್ಪಾಗಿ ಒತ್ತಿರಲಿಲ್ಲ. ಆ ಅಂಕಿಯ ಅರ್ಥ, ಸೇವೆ ಸದ್ಯಕ್ಕೆ ದೊರೆಯದು ಎಂದಷ್ಟೇ. ಅಂದರೆ ತೊಂದರೆ ಇದ್ದದ್ದು ಆ ಕಡೆ, ಈ ಕಡೆಯಲ್ಲ. ಆ ಮಾತನ್ನು ಯಾರೂ ಅವಳಿಗೆ ತಿಳಿಯುವಂತೆ ಹೇಳಲಿಲ್ಲ. ಹೇಳದೆ ಹೋದಾಗ ನಮ್ಮ ಹಳ್ಳಿಯ ಮಕ್ಕಳು ಮೊದಲು ಸಂಶಯಿಸುವುದು ತಮ್ಮನ್ನೇ. ಐದು ಗಂಟೆಗಳ ಕಾಲ ಒಂದು ಯಂತ್ರದ ಮುಂದೆ ಕುಳಿತು, ಕೊನೆಗೆ ತನ್ನದೇ ತಪ್ಪೆಂದು ಭಾವಿಸಿ ಎದ್ದು ಬರುವುದು ಸಣ್ಣ ನೋವಲ್ಲ.

ಕನ್ನಡದ ಮಾಸ್ತರನಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿಯೂ ಮುಂದೆ ಮರಾಠಿಯಲ್ಲಿಯೂ ಕಲಿತವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪುಣೆಯಲ್ಲಿ ಇಂಥ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಊರಿಗೆ ಬಂದಾಗ ಅವನನ್ನು ಕೂಡಿಸಿಕೊಂಡು ಈ ಸಂಗತಿಯನ್ನು ವಿಚಾರಿಸಿದೆ. ಅವನು ಹೇಳಿದ್ದನ್ನೂ ಅನಂತರ ನಾನಾಗಿ ಓದಿ ತಿಳಿದದ್ದನ್ನೂ ಸೇರಿಸಿ ನೋಡಿದಾಗ, ಈ ವಿಷಯ ಭಾಷೆ ಮತ್ತು ಸಾಹಿತ್ಯವನ್ನು ಓದುವವರಿಗೆ ಹೊರಗಿನದಲ್ಲ ಎಂಬ ನಿಲುವಿಗೆ ಬಂದಿದ್ದೇನೆ. ಆ ನಿಲುವನ್ನು ನಿಮ್ಮೆದುರು ಇಡುವುದೇ ಈ ಬರಹದ ಉದ್ದೇಶ.

ಪ್ರಾಕ್ಸಿ ಎಂಬ ಶಬ್ದವನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ. ಹಾಜರಿ ಕೂಗುವಾಗ ಬಾರದ ಗೆಳೆಯನ ಪರವಾಗಿ ಹಿಂದಿನ ಬಾಕಿನಿಂದ ಏಳುವ ದನಿಗೆ ನೀವೇ ಆ ಹೆಸರಿಟ್ಟಿದ್ದೀರಿ. ಒಬ್ಬನ ಬದಲಿಗೆ ಇನ್ನೊಬ್ಬ ನಿಂತು ಮಾತನಾಡುವುದೇ ಪ್ರಾಕ್ಸಿ. ಅಂತರಜಾಲದಲ್ಲಿಯೂ ಅರ್ಥ ಅದೇ. ನೀವು ಒಂದು ಜಾಲತಾಣದ ವಿಳಾಸವನ್ನು ಒತ್ತಿದಾಗ ನಿಮ್ಮ ಕೋರಿಕೆ ನೇರವಾಗಿ ಅಂಕಪಟ್ಟಿಗಳಿರುವ ಅಥವಾ ಅರ್ಜಿಗಳಿರುವ ಮೂಲ ಕಂಪ್ಯೂಟರಿಗೆ ಹೋಗುವುದಿಲ್ಲ. ಬಹುತೇಕ ದೊಡ್ಡ ತಾಣಗಳಲ್ಲಿ ಅದರ ಮುಂದೆ ಇನ್ನೊಂದು ಕಂಪ್ಯೂಟರು ದ್ವಾರಪಾಲಕನಂತೆ ನಿಂತಿರುತ್ತದೆ. ಬಂದ ಕೋರಿಕೆಯನ್ನು ಅದು ಸ್ವೀಕರಿಸಿ, ಒಳಗೆ ಒಯ್ದು ಮುಟ್ಟಿಸಿ, ಉತ್ತರವನ್ನು ತಂದು ನಿಮಗೆ ಕೊಡುತ್ತದೆ. ಅದನ್ನೇ ಪ್ರಾಕ್ಸಿ ಸರ್ವರ್ ಎನ್ನುತ್ತಾರೆ. ಫ್ರಾನ್ಸಿನ ವಿಲ್ಲಿ ತಾರೊ ಅವರು 2001ರಲ್ಲಿ ಹೊರತಂದ ಎಚ್‌ಎಪ್ರಾಕ್ಸಿ, ರಶಿಯದ ಇಗೋರ್ ಸಿಸೋಯೆವ್ ಅವರು 2004ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿದ ಎಂಜಿನ್‌ಎಕ್ಸ್ ಎಂಬವು ಈ ಕೆಲಸಕ್ಕಾಗಿ ಲೋಕದಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳು. ಇವೆರಡನ್ನೂ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದು.

ದ್ವಾರಪಾಲಕನಿಗೆ ಒಂದು ಮಿತಿ ಇರಲೇಬೇಕು. ಒಳಗಿರುವ ಕಂಪ್ಯೂಟರು ಏಕಕಾಲಕ್ಕೆ ನೂರು ಜನರನ್ನು ಮಾತ್ರ ನೋಡಿಕೊಳ್ಳಬಲ್ಲದಾದರೆ, ಸಾವಿರ ಜನರನ್ನು ಒಳಗೆ ಬಿಟ್ಟರೆ ಸಾವಿರದಲ್ಲಿ ಯಾರ ಕೆಲಸವೂ ಆಗದು. ಒಂದೇ ಯಂತ್ರ ಹತ್ತು ಸಾವಿರ ಜನರನ್ನು ಒಮ್ಮೆಗೆ ಹೇಗೆ ನಿರ್ವಹಿಸೀತು ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ ಎಂಬ ತಂತ್ರಜ್ಞರು 1999ರಲ್ಲಿ ಎತ್ತಿದರು. ಅಂದಿನಿಂದ ಯಂತ್ರಗಳ ಶಕ್ತಿ ಬಹಳ ಬೆಳೆದಿದೆ. ಮಿತಿ ದೂರ ಸರಿದಿದೆಯೇ ಹೊರತು ಇಲ್ಲವಾಗಿಲ್ಲ. ಆದ್ದರಿಂದ ಮಿತಿಯನ್ನು ನಾನು ದೂಷಿಸುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ಪಂಢರಪುರವೊಂದೇ ಸಾಕು. ಆಷಾಢ ಏಕಾದಶಿಗೆ ಲಕ್ಷಾಂತರ ವಾರಕರಿಗಳು ಬಂದರೂ ಗರ್ಭಗುಡಿ ಒಂದೇ, ಅದರ ಹೊಸ್ತಿಲೂ ಒಂದೇ. ಅದಕ್ಕಾಗಿಯೇ ಅಲ್ಲಿ ದರ್ಶನಬಾರಿ ಇದೆ. ವಿಠ್ಠಲನ ಪಾದವನ್ನು ಮುಟ್ಟಿ ನಮಸ್ಕರಿಸುವವರ ಪಾಳಿ ಬೇರೆ, ದೂರದಿಂದ ಮುಖದರ್ಶನ ಮಾತ್ರ ಪಡೆಯುವವರ ಪಾಳಿ ಬೇರೆ. ಪಾದಸ್ಪರ್ಶಕ್ಕೆ ಗಂಟೆಗಟ್ಟಲೆ ನಿಲ್ಲಬೇಕೆಂದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ನಿಲ್ಲುತ್ತಾರೆ, ನಿಲ್ಲಲಾರದವರು ಮುಖದರ್ಶನ ಪಡೆದು ತೃಪ್ತಿಯಿಂದ ಮರಳುತ್ತಾರೆ. ಬಾಗಿಲು ಕಿರಿದೆಂದು ಅಲ್ಲಿ ಯಾರೂ ತಮ್ಮನ್ನು ತಾವು ಹಳಿದುಕೊಳ್ಳುವುದಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ 2023ರ ಜುಲೈ ತಿಂಗಳಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ, ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂಬುದನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ಕ್ರಮವನ್ನಿಟ್ಟುಕೊಂಡದ್ದು ಇದೇ ವಿವೇಕದಿಂದ. ಮಿತಿಯಿದೆ ಎಂದು ಒಪ್ಪಿಕೊಂಡು, ಪಾಳಿಯನ್ನು ಮೊದಲೇ ಹೇಳಿಬಿಡುವ ಕ್ರಮ ಅದು.

ಹಾಗಾದರೆ ದೋಷ ಎಲ್ಲಿದೆ? ಮಿತಿಯನ್ನು ಕಡತದಲ್ಲಿ ಬರೆದು, ಆ ಮಿತಿ ತಲುಪಿದಾಗ ಏನಾಗುತ್ತದೆಂಬುದನ್ನು ಒಮ್ಮೆಯೂ ನೋಡದೆ ಬಾಗಿಲು ತೆರೆಯುವುದರಲ್ಲಿದೆ. ಪರೀಕ್ಷಿಸದ ಮಿತಿ ಬರಿಯ ನಂಬಿಕೆ. ಸಾರ್ವಜನಿಕರ ಬಾಗಿಲನ್ನು ನಂಬಿಕೆಯ ಮೇಲೆ ನಿಲ್ಲಿಸಬಾರದು ಎಂಬುದು ನನ್ನ ಅಭಿಮತ.

ಬರೆದ ಮಿತಿಗೂ ನಿಜವಾದ ಮಿತಿಗೂ ಎಷ್ಟು ಅಂತರವಿರಬಹುದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಪ್ರಾಕ್ಸಿಯು ಪ್ರತಿಯೊಬ್ಬ ಬಂದವನಿಗಾಗಿ ಎರಡು ಕೈಗಳನ್ನು ಚಾಚಬೇಕು. ಒಂದು ಹೊರಗಿನವನ ಕಡೆಗೆ, ಇನ್ನೊಂದು ಒಳಗಿನ ಕಂಪ್ಯೂಟರಿನ ಕಡೆಗೆ. ಹೀಗೆ ಏಕಕಾಲಕ್ಕೆ ಎಷ್ಟು ಕೈಗಳನ್ನು ಚಾಚಬಹುದೆಂಬುದಕ್ಕೆ ಲಿನಕ್ಸ್ ಎಂಬ ಆಧಾರ ತಂತ್ರಾಂಶ ತನ್ನದೇ ಒಂದು ಕಟ್ಟಳೆಯನ್ನು ಇಟ್ಟಿರುತ್ತದೆ. ಎಷ್ಟೋ ಯಂತ್ರಗಳಲ್ಲಿ, ಯಾರೂ ಬದಲಿಸದಿದ್ದರೆ, ಆ ಸಂಖ್ಯೆ 1024. ಮೇಲಿನ ಕಡತದಲ್ಲಿ ಎರಡು ಸಾವಿರ ಸಂಪರ್ಕಗಳೆಂದು ಬರೆದು, ಕೆಳಗಿನ ಕಟ್ಟಳೆಯನ್ನು ಮರೆತರೆ, ಪ್ರಾಕ್ಸಿ ಐದುನೂರರ ಆಸುಪಾಸಿನಲ್ಲಿಯೇ ಕೈಚೆಲ್ಲಬಹುದು. ಎಂಜಿನ್‌ಎಕ್ಸ್ ಇಂಥ ಸಂದರ್ಭದಲ್ಲಿ ಆರಂಭದಲ್ಲಿಯೇ ಒಂದು ಎಚ್ಚರಿಕೆಯ ಸಾಲನ್ನು ಬರೆದಿಡುತ್ತದೆ. ಆದರೆ ಆ ಸಾಲು ಸಾವಿರಾರು ಸಾಲುಗಳ ನಡುವೆ ಇರುತ್ತದೆ. ಓದುವ ಕಣ್ಣು ಬೇಕು. ಕಡತವನ್ನು ಓದಿದ ಅಧಿಕಾರಿಗೆ ಕಾಣುವುದು ಎರಡು ಸಾವಿರ. ಬಾಗಿಲಿಗೆ ಬಂದ ಹುಡುಗಿಗೆ ಕಾಣುವುದು ತಿರುಗುವ ಚಕ್ರ.

ಇಂಥ ದಿನಗಳನ್ನು ನಾವು ಕಂಡಿದ್ದೇವೆ. 2021ರ ಜುಲೈ 16ರಂದು ಮಧ್ಯಾಹ್ನ ಒಂದು ಗಂಟೆಗೆ ಮಹಾರಾಷ್ಟ್ರದ ಹತ್ತನೆಯ ಇಯತ್ತೆಯ ಫಲಿತಾಂಶ ಪ್ರಕಟವಾಯಿತು. ಕೋವಿಡ್ ಕಾರಣ ಆ ವರ್ಷ ಪರೀಕ್ಷೆಯೇ ನಡೆದಿರಲಿಲ್ಲ. ಶಾಲೆಗಳ ಆಂತರಿಕ ಮೌಲ್ಯಮಾಪನದ ಮೇಲೆ ಅಂಕಗಳನ್ನು ಕೊಡಲಾಗಿತ್ತು. ರಾಜ್ಯದ 15 ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರೊಡನೆ ಅಕ್ಕಲಕೋಟ, ಸೋಲಾಪುರ, ಜತ್ತ ಭಾಗದ ಕನ್ನಡ ಮಾಧ್ಯಮದ ಮಕ್ಕಳು, ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಫಲಿತಾಂಶದ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಶಿಕ್ಷಣ ಮಂತ್ರಿಗಳು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಬೇಕಾಯಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ದಿನ ಯಾವುದೆಂದು ಗೊತ್ತಿತ್ತು, ಗಂಟೆ ಯಾವುದೆಂದು ಗೊತ್ತಿತ್ತು, ಎಷ್ಟು ಮಕ್ಕಳೆಂಬುದೂ ಗೊತ್ತಿತ್ತು. ಭೂಕಂಪದಂತೆ ಹೇಳದೆ ಬಂದ ಹೊರೆಯಲ್ಲ ಅದು.

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಸರಕಾರ 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಗಾಗಿ ತೆರೆದ ರಾಷ್ಟ್ರೀಯ ಜಾಲತಾಣದಲ್ಲಿ ಮೊದಲ ದಿನ ಕೊನೆಯವರೆಗೂ ಹೋಗಿ ನೋಂದಣಿ ಮುಗಿಸಿದವರು ಆರು ಜನ. ತೆರೆಯುವುದಕ್ಕೆ ಕೆಲವೇ ದಿನಗಳ ಮುಂಚೆ ಪರೀಕ್ಷಿಸಿದಾಗ, ಕೆಲವು ನೂರು ಜನ ಒಮ್ಮೆಲೇ ಬಂದರೆ ತಾಣ ಸ್ತಬ್ಧವಾಗುತ್ತದೆಂಬುದು ಕಂಡುಬಂದಿತ್ತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಅಂದರೆ ಪರೀಕ್ಷೆ ನಡೆದಿತ್ತು. ಆದರೆ ತಿದ್ದಿಕೊಳ್ಳಲು ಸಮಯ ಉಳಿಯದ ಹೊತ್ತಿನಲ್ಲಿ ನಡೆದಿತ್ತು. ವಾರ್ಷಿಕ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗೆ ಇದೆ. ಅದರ ಫಲವನ್ನು ನೀವು ಬಲ್ಲಿರಿ.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ನನ್ನ ಹಳೆಯ ವಿದ್ಯಾರ್ಥಿ ಹೇಳಿದ ಮಾತುಗಳಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಇದು. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕಂತೆ. ಯಂತ್ರ ಎಷ್ಟು ಜನರನ್ನು ತಾಳಬಲ್ಲದು ಎಂಬುದು ಒಂದು. ಮಿತಿಯನ್ನು ಮುಟ್ಟಿದಾಗ ಅದು ಸರಿಯಾಗಿ ನಡೆದುಕೊಳ್ಳುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ದೊಡ್ಡ ಸಿದ್ಧತೆ, ಬಹಳ ಯಂತ್ರಗಳು ಬೇಕು. ಎರಡನೆಯದಕ್ಕೆ ಲಕ್ಷ ಜನರೂ ಬೇಡ, ಸಾವಿರ ಜನರೂ ಬೇಡ. ಪರೀಕ್ಷೆಯ ಮಟ್ಟಿಗೆ ಮಿತಿಯನ್ನು ಎರಡು ಎಂದು ಇಡಬೇಕು, ಮೂವರನ್ನು ಕಳಿಸಬೇಕು. ಮೂರನೆಯವನಿಗೆ ಏನಾಗುತ್ತದೆಂಬುದರಲ್ಲಿಯೇ ವ್ಯವಸ್ಥೆಯ ನಡತೆ ತಿಳಿಯುತ್ತದೆ.

ಈ ಪರೀಕ್ಷೆಯನ್ನು ಮನುಷ್ಯ ಕುಳಿತು ಮಾಡುವುದಿಲ್ಲ. ಒಮ್ಮೆ ಬರೆದಿಟ್ಟರೆ, ವ್ಯವಸ್ಥೆಯಲ್ಲಿ ಏನಾದರೂ ಬದಲಾವಣೆಯಾದಾಗಲೆಲ್ಲ ಯಂತ್ರವೇ ಅದನ್ನು ನಡೆಸುತ್ತದೆ. ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಅವರು ವಾರ್ನಿಶ್ ಎಂಬ ತಮ್ಮ ತಂತ್ರಾಂಶಕ್ಕಾಗಿ ಇಂಥ ಒಂದು ಪರೀಕ್ಷಾ ಸಾಧನವನ್ನು ರೂಪಿಸಿದರು. ಅದರ ಸ್ವತಂತ್ರ ರೂಪವಾದ ವಿಟೆಸ್ಟ್ ಅನ್ನು ಇಂದು ಎಚ್‌ಎಪ್ರಾಕ್ಸಿಯನ್ನು ಕಟ್ಟುವವರೂ ಬಳಸುತ್ತಾರೆ. ಅದರಲ್ಲಿ ಬರೆದ ಒಂದು ಪರೀಕ್ಷೆಯನ್ನು ನನ್ನ ವಿದ್ಯಾರ್ಥಿ ತೋರಿಸಿದಾಗ, ಅದು ಒಂದು ಏಕಾಂಕದಂತೆ ಕಂಡಿತು. ಗ್ರಾಹಕ, ಸರ್ವರ್ ಎಂಬ ಪಾತ್ರಗಳಿವೆ. ಯಾರು ಯಾವ ಮಾತನ್ನು ಆಡಬೇಕು, ಯಾವ ಉತ್ತರವನ್ನು ನಿರೀಕ್ಷಿಸಬೇಕು ಎಂಬುದನ್ನು ಬರೆಯಲಾಗಿದೆ. ಒಬ್ಬನು ಮುಗಿಸುವವರೆಗೆ ಇನ್ನೊಬ್ಬನು ತಡೆಯಬೇಕೆಂಬ ರಂಗಸೂಚನೆಗೂ ಅಲ್ಲಿ ಒಂದು ಶಬ್ದವಿದೆ.

ನಮ್ಮ ಮಿತಿಯ ನಾಟಕವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ. ಮಿತಿ ಎರಡು. ಮೊದಲನೆಯ ಗ್ರಾಹಕ ಬರುತ್ತಾನೆ, ಒಳಗೆ ಹೋಗುತ್ತಾನೆ. ಎರಡನೆಯವನು ಬರುತ್ತಾನೆ, ಅವನೂ ಒಳಗೆ ಹೋಗುತ್ತಾನೆ. ಒಳಗಿನ ಸರ್ವರ್ ಇಬ್ಬರ ಮಾತನ್ನೂ ಕೇಳುತ್ತದೆ, ಆದರೆ ಸೂಚನೆ ಬರುವವರೆಗೆ ಉತ್ತರ ಕೊಡುವುದಿಲ್ಲ. ಮೂರನೆಯವನು ಬರುತ್ತಾನೆ. ಅವನು ಹೊರಗೆ ಉಳಿಯಬೇಕು. ಅವನ ಕೋರಿಕೆ ಸರ್ವರಿನ ಕಿವಿಗೆ ಬೀಳಕೂಡದು. ಈಗ ಸೂಚನೆ ದೊರೆಯುತ್ತದೆ. ಮೊದಲನೆಯವನಿಗೆ ಉತ್ತರ ಸಿಕ್ಕು ಅವನು ಹೊರಗೆ ಬರುತ್ತಾನೆ. ತೆರವಾದ ಜಾಗಕ್ಕೆ ಮೂರನೆಯವನು ಹೋಗಬೇಕು. ಹೋದನೆ? ಹೋದರೆ ಪರೀಕ್ಷೆ ಉತ್ತೀರ್ಣ.

ಆ ತಡೆಯುವ ಸೂಚನೆ ಏಕೆ ಬೇಕು ಎಂದು ನಾನು ಕೇಳಿದೆ. ಅದಿಲ್ಲದಿದ್ದರೆ ಮೂರನೆಯವನು ಬಾಗಿಲಿಗೆ ಬರುವಷ್ಟರಲ್ಲಿ ಮೊದಲನೆಯವನ ಕೆಲಸ ಮುಗಿದುಹೋಗಿರಬಹುದು. ಆಗ ಮಿತಿ ಮುಟ್ಟುವುದೇ ಇಲ್ಲ. ಇನ್ನೊಮ್ಮೆ ನಡೆಸಿದರೆ ಮುಟ್ಟುತ್ತದೆ. ಒಮ್ಮೆ ಪಾಸು, ಒಮ್ಮೆ ನಪಾಸು ಎನ್ನುವ ಇಂಥ ಚಂಚಲ ಪರೀಕ್ಷೆಯನ್ನು ನಾಲ್ಕು ದಿನಗಳಲ್ಲಿ ಎಲ್ಲರೂ ಅಲಕ್ಷಿಸುತ್ತಾರೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಂತೆ, ನಿಜವಾಗಿ ತೋಳ ಬಂದ ದಿನ ಅದರ ಮಾತನ್ನು ಯಾರೂ ಕೇಳುವುದಿಲ್ಲ.

ನಿರಾಕರಿಸುವ ರೀತಿಯಲ್ಲಿಯೂ ಭೇದಗಳಿವೆ. ಎಚ್‌ಎಪ್ರಾಕ್ಸಿಯಲ್ಲಿ ಒಳಗಿನ ಸರ್ವರಿಗೆ ಮಿತಿ ಹಾಕಿದರೆ, ಹೆಚ್ಚಾಗಿ ಬಂದವರನ್ನು ಅದು ಪಾಳಿಯಲ್ಲಿ ನಿಲ್ಲಿಸುತ್ತದೆ. ಪಾಳಿಯ ಅವಧಿ ಮೀರಿದರೆ ಮಾತ್ರ 503 ಎನ್ನುತ್ತದೆ. ಎಂಜಿನ್‌ಎಕ್ಸ್‌ನ ಸಂಪರ್ಕಮಿತಿಯ ವ್ಯವಸ್ಥೆ ಮಿತಿ ಮೀರಿದವನಿಗೆ ಆ ಕ್ಷಣದಲ್ಲಿಯೇ ಇಲ್ಲವೆನ್ನುತ್ತದೆ. ಎರಡೂ ಕ್ರಮಗಳಿಗೆ ಅವುಗಳದೇ ಸಂದರ್ಭವಿದೆ. ಆದರೆ ಯಾವುದನ್ನು ಆರಿಸಿದ್ದೇವೆ, ಆರಿಸಿದ್ದೇ ನಡೆಯುತ್ತಿದೆಯೇ ಎಂಬುದನ್ನು ಪರೀಕ್ಷೆ ಹೇಳಬೇಕು.

ಇಲ್ಲಿಯವರೆಗೆ ಹೇಳಿದ್ದು ತಂತ್ರಜ್ಞರೆಲ್ಲ ಒಪ್ಪುವ ಮಾತು. ನನ್ನ ಅಭಿಪ್ರಾಯ ಇನ್ನು ಮುಂದಿನದು. ಪರೀಕ್ಷೆ ಒಂದು ನಾಟಕವಾದರೆ, ಅದರಲ್ಲಿ ಯಾರ ಯಾರ ಪಾತ್ರಗಳಿವೆ ಎಂದು ಕೇಳುವ ಹಕ್ಕು ಸಾಹಿತ್ಯದ ವಿದ್ಯಾರ್ಥಿಗಳಿಗಿದೆ. ಕೃತಿಯಲ್ಲಿ ಯಾರು ಕಾಣಿಸುತ್ತಾರೆ, ಯಾರು ಕಾಣಿಸುವುದೇ ಇಲ್ಲ ಎಂದು ನಾವು ತರಗತಿಯಲ್ಲಿ ಪ್ರತಿದಿನ ಕೇಳುತ್ತೇವೆ. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳಿದರೆ, ಎರಡು ಪಾತ್ರಗಳ ಕೊರತೆ ಎದ್ದು ಕಾಣುತ್ತದೆ.

ಮೊದಲನೆಯದು, ಒಂದೇ ಸೂರಿನಡಿಯಿಂದ ಬರುವ ನಲವತ್ತು ಜನರ ಪಾತ್ರ. ಯಾರೊಬ್ಬರೂ ಬಾಗಿಲನ್ನೆಲ್ಲ ಆಕ್ರಮಿಸಬಾರದೆಂದು ಪ್ರಾಕ್ಸಿಗಳಲ್ಲಿ ಪ್ರತಿ ವಿಳಾಸಕ್ಕೆ ಇಂತಿಷ್ಟೇ ಸಂಪರ್ಕ ಎಂಬ ಮಿತಿಯನ್ನು ಇಡುವುದು ರೂಢಿ. ನಗರದ ಮನೆಯೊಂದರಲ್ಲಿ ನಾಲ್ಕು ಜನರಿಗೆ ಒಂದು ವಿಳಾಸ. ಹಳ್ಳಿಯ ಕಂಪ್ಯೂಟರ್ ಕೇಂದ್ರದಲ್ಲಿ, ನಮ್ಮ ಮಹಾವಿದ್ಯಾಲಯದ ಗಣಕ ಕೋಣೆಯಲ್ಲಿ, ಕುಳಿತವರೆಲ್ಲರಿಗೂ ಸೇರಿ ಹೊರಗೆ ಕಾಣುವ ವಿಳಾಸ ಒಂದೇ. ಮೊಬೈಲ್ ಜಾಲಗಳೂ ಬಹಳ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುವುದುಂಟು. ಬಾಗಿಲಲ್ಲಿರುವ ಪ್ರಾಕ್ಸಿಗೆ ಈ ನಲವತ್ತು ಮಕ್ಕಳು ನಲವತ್ತು ಕೈಗಳ ಒಬ್ಬ ದುರಾಸೆಯ ಮನುಷ್ಯನಂತೆ ಕಾಣುತ್ತಾರೆ. ಮಿತಿ ಹತ್ತಾದರೆ ಹತ್ತು ಮಕ್ಕಳಿಗೂ ಒಮ್ಮೆಗೆ ಸ್ಥಳ ಸಾಲದು, ಏಕೆಂದರೆ ಒಂದೇ ಪುಟವನ್ನು ತೆರೆಯಲು ಒಬ್ಬರಿಗೆ ಹಲವು ಸಂಪರ್ಕಗಳು ಬೇಕಾಗಬಹುದು. ಸ್ವಂತ ಕಂಪ್ಯೂಟರ್ ಇಲ್ಲದವರೇ ಒಂದೆಡೆ ಸೇರುತ್ತಾರೆ. ಒಂದೆಡೆ ಸೇರಿದವರನ್ನೇ ಈ ಮಿತಿ ಹೊರಗೆ ನಿಲ್ಲಿಸುತ್ತದೆ.

ಎರಡನೆಯದು, ನಿಧಾನವಾಗಿ ಮಾತನಾಡುವವನ ಪಾತ್ರ. ರಾಬರ್ಟ್ ಹ್ಯಾನ್ಸನ್ ಎಂಬ ಭದ್ರತಾ ತಜ್ಞರು 2009ರಲ್ಲಿ ಒಂದು ದೌರ್ಬಲ್ಯವನ್ನು ತೋರಿಸಿಕೊಟ್ಟರು. ಒಬ್ಬನೇ ಬಹಳ ಸಂಪರ್ಕಗಳನ್ನು ತೆರೆದು, ತನ್ನ ಕೋರಿಕೆಯನ್ನು ಪೂರ್ತಿಗೊಳಿಸದೆ ಚೂರುಚೂರಾಗಿ ಕಳಿಸುತ್ತ ಹೋದರೆ, ಕೆಲವು ಬಗೆಯ ಸರ್ವರುಗಳ ಎಲ್ಲ ಸ್ಥಾನಗಳನ್ನೂ ಅವನೊಬ್ಬನೇ ಹಿಡಿದಿಡಬಹುದು. ಇದನ್ನು ತಡೆಯಲು ನಿಧಾನಿಗಳನ್ನು ಬೇಗ ಹೊರಗೆ ಹಾಕುವ ನಿಯಮಗಳು ಬಂದವು. ನಿಯಮ ಸರಿಯೇ. ಆದರೆ ಜಾಲದ ಸಂಕೇತ ಒಂದು ಗೆರೆಗೆ ಇಳಿದಾಗ ನಮ್ಮ ಊರಿನ ಮೊಬೈಲ್ ಕೂಡ ಹಾಗೆಯೇ ಚೂರುಚೂರಾಗಿ ಮಾತನಾಡುತ್ತದೆ. ದುಷ್ಟನೂ ದುರ್ಬಲನೂ ಬಾಗಿಲಲ್ಲಿ ಒಂದೇ ರೀತಿ ಕಾಣಿಸಿದರೆ ದ್ವಾರಪಾಲಕ ಏನು ಮಾಡಿಯಾನು? ಇನ್ನು ಸಂಕೇತ ಪೂರ್ಣ ಕಡಿದುಹೋದರೆ, ಹೋದವನು ಹೋದನೆಂಬುದು ಪ್ರಾಕ್ಸಿಗೆ ಕೂಡಲೇ ತಿಳಿಯುವುದಿಲ್ಲ. ಕಾಲಾವಧಿ ಮುಗಿಯುವವರೆಗೆ ಆ ಬರಿದಾದ ಜಾಗ ಅವನ ಹೆಸರಿನಲ್ಲಿಯೇ ಉಳಿಯುತ್ತದೆ. ಮರಳಿ ಬಂದವನು ತನ್ನದೇ ನೆರಳಿನ ಹಿಂದೆ ಪಾಳಿ ಹಚ್ಚಬೇಕಾಗುತ್ತದೆ.

ಈ ಎರಡೂ ಪಾತ್ರಗಳನ್ನು ಪರೀಕ್ಷೆಯಲ್ಲಿ ಬರೆಯುವುದು ಕಷ್ಟವಲ್ಲ. ಒಂದೇ ವಿಳಾಸದಿಂದ ನಲವತ್ತು ಗ್ರಾಹಕರು ಬರಲಿ. ಒಬ್ಬ ಗ್ರಾಹಕ ಅರ್ಧ ಮಾತಾಡಿ ಮೌನವಾಗಲಿ. ಇನ್ನೊಬ್ಬ ಹೇಳದೆ ಮಾಯವಾಗಲಿ, ಮತ್ತೆ ಬರಲಿ. ಅವರಿಗೆ ಏನಾಯಿತೆಂಬುದನ್ನು ಯಂತ್ರವೇ ಪ್ರತಿಸಲ ನೋಡಿ ವರದಿ ಮಾಡಲಿ. ಕಷ್ಟವಿರುವುದು ನೆನಪಿಗೆ ತಂದುಕೊಳ್ಳುವುದರಲ್ಲಿ. ಪರೀಕ್ಷೆಯನ್ನು ಬರೆಯುವವನು ಸಲಗರ ಬುದ್ರುಕದಂಥ ಊರನ್ನು ಕಂಡಿಲ್ಲದಿದ್ದರೆ, ಅವನ ನಾಟಕದಲ್ಲಿ ಆ ಊರು ಬರುವುದು ಹೇಗೆ? ಬುದ್ರುಕ ಎಂದರೆ ಹಿರಿದು. ಪಾರಸಿಯ ಬುಜುರ್ಗ್ ಶಬ್ದ ನಮ್ಮ ಈ ಭಾಗದ ಊರುಗಳ ಹೆಸರಿನಲ್ಲಿ ಹೀಗೆ ಉಳಿದಿದೆ, ಕಿರಿದಾದದ್ದು ಖುರ್ದ. ಹೆಸರಿನಲ್ಲಿ ಹಿರಿದಾದ ಊರು ಯಂತ್ರದ ಕಣ್ಣಿಗೆ ಒಂದೇ ವಿಳಾಸವಾಗಿ ಕುಗ್ಗಬಾರದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ವರ್ಷಕ್ಕೊಂದೆರಡು ದಿನದ ನೂಕುನುಗ್ಗಲಿಗಾಗಿ ಇಷ್ಟೆಲ್ಲ ಏಕೆ ಎಂಬುದು ಒಂದು. ಆ ಒಂದೆರಡು ದಿನಗಳೇ ವಿದ್ಯಾರ್ಥಿಯ ಪಾಲಿಗೆ ವರ್ಷದ ದಿನಗಳು. ಉಳಿದ ದಿನಗಳಲ್ಲಿ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು? ಖರ್ಚು ಹೆಚ್ಚಾಗುತ್ತದೆ ಎಂಬುದು ಇನ್ನೊಂದು. ದೊಡ್ಡ ಯಂತ್ರಗಳಿಗೆ ಖರ್ಚು ಹೆಚ್ಚು, ನಿಜ. ಆದರೆ ಮೂವರು ಗ್ರಾಹಕರ ಆ ಏಕಾಂಕವನ್ನು ಒಂದು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ನಡೆಸಬಹುದು, ತಂತ್ರಾಂಶಕ್ಕೆ ಬೆಲೆಯಿಲ್ಲ. ಅಲ್ಲಿ ಬೇಕಾದದ್ದು ಒಬ್ಬನ ಕೆಲವು ದಿನಗಳ ಶ್ರಮ ಮತ್ತು ಸ್ವಲ್ಪ ಕಾಳಜಿ. ಪರೀಕ್ಷಿಸಿದ ಮಾತ್ರಕ್ಕೆ ಬಾಗಿಲು ದೊಡ್ಡದಾಗುವುದಿಲ್ಲವಲ್ಲ ಎಂಬುದು ಮೂರನೆಯದು. ಇದು ಸತ್ಯ. ಆದರೆ ತನ್ನ ಅಳತೆ ತಿಳಿದ ಬಾಗಿಲು, ಹೊರಗೆ ನಿಂತವನಿಗೆ ಅದನ್ನು ಹೇಳಬಲ್ಲದು. ಅಳತೆಯೇ ತಿಳಿಯದ ಬಾಗಿಲು ಏನನ್ನು ಹೇಳೀತು?

ಹೇಳುವುದು ಎಂದೊಡನೆ ನಾವು ನಮ್ಮ ಸ್ವಂತ ಕ್ಷೇತ್ರಕ್ಕೆ ಬರುತ್ತೇವೆ. ಆ 503ರ ಪುಟದಲ್ಲಿರುವ ಶಬ್ದಗಳು ಕಲ್ಲಿನಲ್ಲಿ ಕೊರೆದವಲ್ಲ. ಎಚ್‌ಎಪ್ರಾಕ್ಸಿಯಲ್ಲಾಗಲಿ ಎಂಜಿನ್‌ಎಕ್ಸ್‌ನಲ್ಲಾಗಲಿ ಅದು ಒಂದು ಚಿಕ್ಕ ಕಡತ ಮಾತ್ರ. ಬೇಕಾದ ಮಾತುಗಳನ್ನು, ಬೇಕಾದ ಭಾಷೆಯಲ್ಲಿ ಬರೆದಿಡಬಹುದು. ನೋಡುಗನು ತನ್ನ ಬ್ರೌಸರಿನಲ್ಲಿ ಆರಿಸಿಕೊಂಡ ಭಾಷೆ ಯಾವುದೆಂಬುದನ್ನು ಪ್ರತಿ ಕೋರಿಕೆಯೂ ಹೊತ್ತು ತರುತ್ತದೆ. ಎಷ್ಟು ಹೊತ್ತಿನ ಮೇಲೆ ಮತ್ತೆ ಬರಬೇಕೆಂಬುದನ್ನು ತಿಳಿಸಲು ಅಂತರಜಾಲದ ನಿಯಮಗಳಲ್ಲಿಯೇ ಅವಕಾಶವಿದೆ. ಇಷ್ಟೆಲ್ಲ ಇದ್ದೂ ಆ ಪುಟದ ಮೇಲೆ ಎರಡೇ ಇಂಗ್ಲಿಷ್ ಶಬ್ದಗಳು ಏಕಿರಬೇಕು? ಈ ರಾಜ್ಯದಲ್ಲಿ ಅಲ್ಲಿ ಮರಾಠಿ ಇರಬೇಕಾದದ್ದು ನ್ಯಾಯ. ನನ್ನ ಎರಡನೆಯ ಶಾಲೆಯ ಭಾಷೆಯ ಬಗ್ಗೆ ನನಗೆ ಗೌರವವಿದೆ. ಗಡಿಭಾಗದ ಮಕ್ಕಳಿಗಾಗಿ ಅದರ ಕೆಳಗೆ ಕನ್ನಡದ ನಾಲ್ಕು ಸಾಲುಗಳೂ ಇರಲಿ ಎಂಬುದು ಅತಿ ಬೇಡಿಕೆಯೇನಲ್ಲ.

ಆ ನಾಲ್ಕು ಸಾಲುಗಳನ್ನು ಬರೆಯುವುದು ನೀವು ತಿಳಿದಷ್ಟು ಸುಲಭವಲ್ಲ. ನಾನು ಪ್ರಯತ್ನಿಸಿದ್ದು ಹೀಗಿದೆ: “ಈಗ ಬಹಳ ಜನ ಒಮ್ಮೆಲೇ ಬಂದಿದ್ದಾರೆ; ಸದ್ಯಕ್ಕೆ ಸ್ಥಳವಿಲ್ಲ. ನೀವು ಯಾವ ತಪ್ಪನ್ನೂ ಮಾಡಿಲ್ಲ. ನೀವು ಈವರೆಗೆ ತುಂಬಿದ್ದು ಸುರಕ್ಷಿತವಾಗಿದೆ. ಹತ್ತು ನಿಮಿಷಗಳ ನಂತರ ಮತ್ತೆ ಬನ್ನಿ.” ಇದನ್ನು ಹಳೆಯ ವಿದ್ಯಾರ್ಥಿಗೆ ಕಳಿಸಿದೆ. ಮೂರನೆಯ ವಾಕ್ಯಕ್ಕೆ ಅವನು ಗೆರೆ ಎಳೆದು, “ಇದು ಖರೇ ಇದ್ರ ಅಷ್ಟ ಬರೀರಿ ಸರ” ಎಂದು ಉತ್ತರಿಸಿದ. ತುಂಬಿದ್ದು ಉಳಿದಿದೆಯೋ ಅಳಿಸಿಹೋಗಿದೆಯೋ ಎಂಬುದನ್ನು ಪರೀಕ್ಷಿಸಿ ನೋಡದೆ ಆ ವಾಕ್ಯವನ್ನು ಬರೆಯುವಂತಿಲ್ಲ. ಹತ್ತು ನಿಮಿಷ ಎಂಬುದಕ್ಕೂ ಆಧಾರ ಬೇಕು. ಮೂವತ್ತು ವರ್ಷಗಳ ಸಮೀಪ ಭಾಷೆಯನ್ನು ಕಲಿಸಿದ ನನಗೆ ಆ ಗೆರೆ ಒಂದು ಪಾಠವಾಯಿತು. ಸವಿಯಾದ ಮಾತು ಬರೆಯುವುದು ನಮಗೆ ಬರುತ್ತದೆ. ಅದು ನಿಜವಾಗಿರುವಂತೆ ನೋಡಿಕೊಳ್ಳುವುದು ಅವರಿಗೆ ಬರುತ್ತದೆ. ಒಬ್ಬರಿಗೊಬ್ಬರು ಬೇಕು.

ಆದ್ದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ನನ್ನ ಸೂಚನೆ ಎರಡು. ನಿಮ್ಮ ಅರ್ಜಿ ಸಿಕ್ಕಿಬಿದ್ದಾಗ ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನ ಒಂದೆಡೆ ಕುಳಿತಿದ್ದಿರಿ, ಪರದೆಯ ಮೇಲೆ ಯಾವ ಮಾತು ಬಂತು ಎಂಬುದನ್ನು ಬರೆದಿಡಿ. ಗೊಣಗಿ ಎದ್ದು ಬರಬೇಡಿ. ಹಾಗೆ ಬರೆದ ಒಂದು ಪುಟ, ಪರೀಕ್ಷೆಯನ್ನು ಬರೆಯುವವನ ಕೈಗೆ ಸಿಕ್ಕರೆ, ಆ ಏಕಾಂಕದಲ್ಲಿ ನಮ್ಮ ಊರಿನ ಪಾತ್ರವಾಗುತ್ತದೆ. ಎರಡನೆಯದಾಗಿ, ಬಾಗಿಲಲ್ಲಿ ಹೇಳಬೇಕಾದ ಆ ನಾಲ್ಕು ಸಾಲುಗಳನ್ನು ನಿಮ್ಮ ನಿಮ್ಮ ಕನ್ನಡದಲ್ಲಿ ಬರೆದು ವಿಭಾಗಕ್ಕೆ ತಂದುಕೊಡಿ. ಒಳ್ಳೆಯದನ್ನು ಆರಿಸಿ ಮರಾಠಿ ವಿಭಾಗದ ಮಿತ್ರರೊಡನೆ ಕೂಡಿ, ಮೊದಲಿಗೆ ನಮ್ಮ ಮಹಾವಿದ್ಯಾಲಯದ ತಾಣಕ್ಕಾದರೂ ಒಪ್ಪಿಸೋಣ.

ಸಲಗರ ಬುದ್ರುಕದ ಆ ವಿದ್ಯಾರ್ಥಿನಿಗೆ ಅಂದು ನಾನು ಬಾಯಿಮಾತಿನಲ್ಲಿ ಹೇಳಿದ್ದು ಒಂದೇ ವಾಕ್ಯ: “ನೀ ಏನೂ ತಪ್ಪ ಮಾಡಿಲ್ಲವ್ವಾ.” ಆ ವಾಕ್ಯವನ್ನು ಹೇಳಲು ಒಂದು ದಿನ ತಡವಾಗಿತ್ತು, ಹೇಳಿದವನೂ ಬೇರೆ. ಅದನ್ನು ಆ ಬಾಗಿಲೇ, ಆ ಹೊತ್ತಿನಲ್ಲಿಯೇ ಹೇಳಬೇಕಾಗಿತ್ತು.